ರದ್ದಾದ ಕೋರಿಕೆಯ ಲೆಕ್ಕ: ಸರ್ವರ್ ಸುರಕ್ಷತೆ ಕುರಿತು ಓದುಗರ ಪ್ರಶ್ನೆಗಳು

ಬ್ರೌಸರ್ ಮತ್ತು ಜಾಲತಾಣದ ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಗಳಲ್ಲಿ ಒಂದಾದ ಎಚ್‌ಟಿಟಿಪಿ/2 ಪ್ರೋಟೊಕಾಲ್ ಬಳಸುವ ಸರ್ವರುಗಳಲ್ಲಿ 2023ರಲ್ಲಿ ಬಯಲಾದ ‘ರಾಪಿಡ್ ರೀಸೆಟ್’ ದೋಷದ ಬಗ್ಗೆ ಹಲವು ಓದುಗರು ಬರೆದಿದ್ದಾರೆ. ಅವುಗಳಲ್ಲಿ ಒಂದಕ್ಕೊಂದು ಹೊಂದುವ ಪ್ರಶ್ನೆಗಳನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಊರಿನ ಪತ್ತಿನ ಸಹಕಾರ ಸಂಘದ ಜಾಲತಾಣವನ್ನು ನಾನು ನೋಡಿಕೊಳ್ಳುತ್ತೇನೆ. ಈ ಸಲದ ಭದ್ರತಾ ಆಡಿಟ್ ವರದಿಯಲ್ಲಿ ‘ಸಿವಿಇ-2023-44487’ ಎಂದು ಬರೆದು, ಅದರ ಮುಂದೆ ‘ಹೈ’ ಎಂದು ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದಾರೆ. ಆಡಿಟರನ್ನು ಕೇಳಿದರೆ, ಇದರಿಂದ ಸದಸ್ಯರ ಮಾಹಿತಿಯೇನೂ ಸೋರುವುದಿಲ್ಲ ಎನ್ನುತ್ತಾರೆ. ಸೋರುವುದಿಲ್ಲ ಎಂದಮೇಲೆ ಇದು ಇಷ್ಟು ಗಂಭೀರ ಹೇಗಾಯಿತು? ಒಳಗೆ ನಡೆಯುವುದಾದರೂ ಏನು?
— ಓದುಗರು, ಶಿರಸಿ

ಉತ್ತರ: ನಿಮ್ಮ ಆಡಿಟರ್ ಹೇಳಿದ್ದು ಸರಿ. ಸಿವಿಇ ಎಂಬುದು ಬಯಲಾದ ತಂತ್ರಾಂಶ ದೋಷಗಳಿಗೆ ಕೊಡುವ ದಾಖಲೆ ಸಂಖ್ಯೆ, ನಿಮ್ಮ ವರದಿಯಲ್ಲಿರುವುದು ರಾಪಿಡ್ ರೀಸೆಟ್ ದೋಷದ ಸಂಖ್ಯೆ. ಈ ದೋಷವನ್ನು ಹಿಡಿದು ಯಾರೂ ನಿಮ್ಮ ಸದಸ್ಯರ ಖಾತೆಯ ವಿವರಗಳನ್ನು ಓದಲಾರರು, ತಿದ್ದಲಾರರು. ದೋಷಗಳಿಗೆ ಅಂಕ ಕೊಡುವ ಸಿವಿಎಸ್‌ಎಸ್ ಪದ್ಧತಿಯಲ್ಲಿ ಹಾನಿಯನ್ನು ಗೋಪ್ಯತೆ, ಸಮಗ್ರತೆ, ಲಭ್ಯತೆ ಎಂಬ ಮೂರು ಬಾಬ್ತುಗಳಲ್ಲಿ ಅಳೆಯುತ್ತಾರೆ. ರಾಪಿಡ್ ರೀಸೆಟ್ ದೋಷಕ್ಕೆ ಮೊದಲ ಎರಡರಲ್ಲಿ ಏನೂ ಇಲ್ಲ, ಮೂರನೆಯದರಲ್ಲಿ ಮಾತ್ರ ಗರಿಷ್ಠ ಹಾನಿ. ದಾಳಿಗೆ ಪಾಸ್‌ವರ್ಡ್ ಬೇಕಿಲ್ಲ, ಬಳಕೆದಾರರು ಯಾವುದೋ ಲಿಂಕ್ ಒತ್ತಿ ಮೋಸಹೋಗಬೇಕಾದ್ದಿಲ್ಲ, ಇಂಟರ್ನೆಟ್ ಇರುವ ಎಲ್ಲಿಂದ ಬೇಕಾದರೂ ನಡೆಸಬಹುದು ಎಂಬ ಸಂಗತಿಗಳೆಲ್ಲ ಸೇರಿ ಒಟ್ಟು ಅಂಕ 7.5 ಆಗುತ್ತದೆ. 7.0ರಿಂದ 8.9ರವರೆಗಿನದು ‘ಹೈ’ ದರ್ಜೆ. ಸಾಲದ ಕಂತು ಕಟ್ಟುವ ಕೊನೆಯ ದಿನ ತಾಣ ತೆರೆಯದೇ ಹೋದರೆ, ಮಾಹಿತಿ ಭದ್ರವಾಗಿದೆ ಎಂಬ ಮಾತಿನಿಂದ ಸದಸ್ಯರಿಗೆ ಸಮಾಧಾನವಾಗದು. ಹಾಗಾಗಿ ಲಭ್ಯತೆಯೂ ಸುರಕ್ಷತೆಯ ಒಂದು ಅಂಗವೇ ಎಂದು ಆಡಿಟರುಗಳು ಪರಿಗಣಿಸುವುದು ನ್ಯಾಯವಾಗಿಯೇ ಇದೆ.

ಒಳಗೆ ನಡೆಯುವುದು ಹೀಗೆ. ಹಳೆಯ ಎಚ್‌ಟಿಟಿಪಿ/1.1ರಲ್ಲಿ ಒಂದು ಸಂಪರ್ಕದ ಮೇಲೆ ಒಂದು ಕೋರಿಕೆ ಹೋಗಿ, ಅದರ ಉತ್ತರ ಬಂದ ಮೇಲೆ ಮುಂದಿನದು ಹೋಗುವುದು ರೂಢಿ. ಒಂದು ಪುಟದಲ್ಲಿ ಹತ್ತಾರು ಚಿತ್ರ, ಸ್ಕ್ರಿಪ್ಟ್‌ಗಳಿರುವುದರಿಂದ ಬ್ರೌಸರುಗಳು ಒಂದೇ ತಾಣಕ್ಕೆ ಸಾಮಾನ್ಯವಾಗಿ ಆರು ಸಂಪರ್ಕಗಳನ್ನು ತೆರೆದು ಕೆಲಸ ಸಾಗಿಸುತ್ತಿದ್ದವು. 2015ರ ಮೇ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಟಿಪಿ/2 ಈ ಸಾಲುನಿಲ್ಲುವಿಕೆಯನ್ನು ತಪ್ಪಿಸಿತು. ಒಂದೇ ಸಂಪರ್ಕದೊಳಗೆ ಅನೇಕ ‘ಸ್ಟ್ರೀಮ್’ಗಳು ಅಕ್ಕಪಕ್ಕದಲ್ಲಿ ಸಾಗಬಹುದು. ಬ್ರೌಸರ್ ತೆರೆಯುವ ಸ್ಟ್ರೀಮುಗಳಿಗೆ 1, 3, 5, 7 ಎಂದು ಬೆಸ ಸಂಖ್ಯೆಗಳು, ಪ್ರತಿ ಸ್ಟ್ರೀಮಿಗೂ ಒಂದು ಕೋರಿಕೆ ಮತ್ತು ಅದರ ಉತ್ತರ. ಇದು ಕೈಮೀರಬಾರದೆಂದು ‘ಏಕಕಾಲಕ್ಕೆ ಇಷ್ಟು ಸ್ಟ್ರೀಮುಗಳು ಮಾತ್ರ ತೆರೆದಿರಬಹುದು’ ಎಂಬ ಮಿತಿಯನ್ನು ಸರ್ವರ್ ತಿಳಿಸುತ್ತದೆ. ಆ ಮಿತಿ 100ಕ್ಕಿಂತ ಕಡಿಮೆ ಇರದಿರುವುದು ಒಳ್ಳೆಯದೆಂದು ಮಾನದಂಡವೇ ಸಲಹೆ ಮಾಡುತ್ತದೆ.

ಇದರ ಜೊತೆಗೆ ಇನ್ನೊಂದು ಸೌಲಭ್ಯವಿದೆ. ನೀವು ಪುಟ ತೆರೆಯುತ್ತಿರುವಾಗಲೇ ಮನಸ್ಸು ಬದಲಿಸಿ ಬೇರೆ ಕಡೆಗೆ ಹೋದರೆ, ಬ್ರೌಸರ್ ‘ಆ ಕೋರಿಕೆ ಬೇಡ’ ಎಂದು ‘ಆರ್‌ಎಸ್‌ಟಿ ಸ್ಟ್ರೀಮ್’ ಎಂಬ ಚಿಕ್ಕ ಸಂದೇಶ ಕಳಿಸುತ್ತದೆ. ಅದರ ಗಾತ್ರ ಒಟ್ಟು 13 ಬೈಟ್: ತಲೆಬರಹಕ್ಕೆ 9, ಕಾರಣದ ಸಂಕೇತಕ್ಕೆ 4. ಇದಕ್ಕೆ ಸರ್ವರಿನ ಒಪ್ಪಿಗೆ ಬೇಕಿಲ್ಲ, ಉತ್ತರಕ್ಕೆ ಕಾಯಬೇಕಿಲ್ಲ. ಕಳಿಸಿದ ಕ್ಷಣಕ್ಕೇ ಆ ಸ್ಟ್ರೀಮ್ ಮುಚ್ಚಿದಂತೆ, ಅಂದರೆ ನೂರರ ಲೆಕ್ಕದಿಂದ ಹೊರಬಿದ್ದಂತೆ. ದೋಷದ ಬೇರು ಇರುವುದು ಇಲ್ಲಿಯೇ.

ಹೋಟೆಲೊಂದು ಫೋನಿನಲ್ಲಿ ಬರುವ ದೋಸೆಯ ಆರ್ಡರುಗಳಿಗೆ ‘ಒಬ್ಬರ ಹೆಸರಿನಲ್ಲಿ ಏಕಕಾಲಕ್ಕೆ ನೂರಕ್ಕಿಂತ ಹೆಚ್ಚು ಬಾಕಿ ಇರಬಾರದು’ ಎಂದು ನಿಯಮ ಮಾಡಿಕೊಂಡಿದೆ ಎನ್ನಿ. ಒಬ್ಬ ಗಿರಾಕಿ ಆರ್ಡರ್ ಹೇಳಿ, ಮರುಕ್ಷಣವೇ ಬೇಡವೆಂದು, ಮತ್ತೆ ಹೇಳಿ, ಮತ್ತೆ ಬೇಡವೆನ್ನುತ್ತಾನೆ. ಗಲ್ಲಾದ ಪುಸ್ತಕದಲ್ಲಿ ಅವನ ಬಾಕಿ ಯಾವಾಗ ನೋಡಿದರೂ ಸೊನ್ನೆ. ಒಳಗೆ ಅಡುಗೆಯವರು ಮಾತ್ರ ಕಾವಲಿಗೆ ಹಿಟ್ಟು ಹುಯ್ದಾಗಿರುತ್ತದೆ. ನಿಯಮ ಎಲ್ಲಿಯೂ ಮುರಿದಿಲ್ಲ, ಆದರೆ ಬೇರೆ ಗಿರಾಕಿಗಳಿಗೆ ದೋಸೆ ಸಿಗುವುದಿಲ್ಲ.

ಸರ್ವರಿನಲ್ಲಿ ಆ ‘ಹಿಟ್ಟು’ ಯಾವುದು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೋರಿಕೆ ಬಂದ ಕೂಡಲೇ ಸರ್ವರ್ ಅದರ ಸಂಕುಚಿತ ಹೆಡರುಗಳನ್ನು (ಕೋರಿಕೆಯ ವಿವರ ಹೊತ್ತ ಸಾಲುಗಳನ್ನು) ಬಿಡಿಸಬೇಕು, ಸ್ಟ್ರೀಮಿಗೆ ನೆನಪಿನಲ್ಲಿ (ಮೆಮೊರಿಯಲ್ಲಿ) ಜಾಗ ಮಾಡಬೇಕು, ವಿಳಾಸವನ್ನು ಓದಿ ಯಾವ ಪ್ರೋಗ್ರಾಮಿಗೆ ಒಪ್ಪಿಸಬೇಕೆಂದು ತೀರ್ಮಾನಿಸಬೇಕು. ಮುಂದುಗಡೆ ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಇದ್ದರೆ ಅದು ಹಿಂದಿನ ಅಪ್ಲಿಕೇಶನ್ ಸರ್ವರಿಗೆ ಕೋರಿಕೆಯನ್ನು ದಾಟಿಸುತ್ತದೆ, ಆ ಅಪ್ಲಿಕೇಶನ್ ಡೇಟಾಬೇಸಿಗೆ ಪ್ರಶ್ನೆ ಹಾಕಿಯೂ ಇರಬಹುದು. ಅಷ್ಟರಲ್ಲಿ ರದ್ದತಿಯ ಸಂದೇಶ ಬಂದರೆ ಇದನ್ನೆಲ್ಲ ಹಿಂದಕ್ಕೆ ಸುತ್ತುವುದೂ ಒಂದು ಕೆಲಸವೇ. ಎಷ್ಟೋ ಕಡೆ ಮುಂದಿನ ಪ್ರಾಕ್ಸಿಗೆ ರದ್ದಾದ ಸುದ್ದಿ ಸಿಕ್ಕಿದರೂ ಹಿಂದಿನ ಅಪ್ಲಿಕೇಶನ್ನಿಗೆ ಅದು ಮುಟ್ಟುವ ಹೊತ್ತಿಗೆ ಕೆಲಸ ಮುಗಿದೇ ಹೋಗಿರುತ್ತದೆ. ಅತ್ತ ದಾಳಿಕೋರನಿಗೆ ತಗಲುವ ಖರ್ಚು ಅತ್ಯಲ್ಪ: ಒಂದೇ ಬಗೆಯ ಹೆಡರುಗಳನ್ನು ಮತ್ತೆ ಮತ್ತೆ ಕಳಿಸುವಾಗ ಎಚ್‌ಟಿಟಿಪಿ/2ರ ಸಂಕೋಚನ ಪದ್ಧತಿಯಿಂದಾಗಿ ಅವು ಬಹಳ ಚಿಕ್ಕದಾಗುತ್ತವೆ, ರದ್ದತಿಗೆ 13 ಬೈಟ್ ಸಾಕು, ಉತ್ತರ ಬರುವುದೇ ಇಲ್ಲವಾದ್ದರಿಂದ ಅದನ್ನು ಸ್ವೀಕರಿಸುವ ಹೊರೆಯೂ ಇಲ್ಲ.

ರದ್ದತಿಯ ಉಪಾಯ ಇಲ್ಲದಿದ್ದರೆ ದಾಳಿಕೋರ ನೂರು ಕೋರಿಕೆ ಕಳಿಸಿ ಉತ್ತರಕ್ಕಾಗಿ ಕಾಯಲೇಬೇಕಿತ್ತು. ಸಂದೇಶ ಹೋಗಿ ಬರಲು 100 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ, ಒಂದು ಸಂಪರ್ಕದಿಂದ ಸೆಕೆಂಡಿಗೆ ಹೆಚ್ಚೆಂದರೆ ಸಾವಿರ ಕೋರಿಕೆ. ರದ್ದು ಮಾಡುತ್ತ ಹೋಗುವವನಿಗೆ ದೂರದ ಈ ತಡೆ ಇಲ್ಲ, ಅವನ ಇಂಟರ್ನೆಟ್ ಸಂಪರ್ಕದ ಅಗಲವೊಂದೇ ಮಿತಿ. ಇದರ ಪರಿಣಾಮ 2023ರ ಆಗಸ್ಟ್ ಕೊನೆಯ ದಿನಗಳಿಂದ ಕಾಣಿಸಿತು. ಗೂಗಲ್ ಮೇಲೆ ನಡೆದ ದಾಳಿ ಸೆಕೆಂಡಿಗೆ 39.8 ಕೋಟಿ ಕೋರಿಕೆ ಮುಟ್ಟಿತು, ಕ್ಲೌಡ್‌ಫ್ಲೇರ್ ಮೇಲಿನದು 20.1 ಕೋಟಿ, ಅಮೆಜಾನ್ ವೆಬ್ ಸರ್ವೀಸಸ್ ಮೇಲಿನದು 15.5 ಕೋಟಿ. ಅದರ ಹಿಂದಿನ ವರ್ಷ ಗೂಗಲ್ ಕಂಡಿದ್ದ ದೊಡ್ಡ ದಾಳಿ ಸೆಕೆಂಡಿಗೆ 4.6 ಕೋಟಿಯದು. 2023ರಲ್ಲಿ ಗೂಗಲ್ ಮೇಲೆ ನಡೆದ ಎರಡು ನಿಮಿಷದ ಆ ಒಂದು ದಾಳಿಯಲ್ಲಿ ಬಂದ ಕೋರಿಕೆಗಳು, 2023ರ ಸೆಪ್ಟೆಂಬರ್ ತಿಂಗಳಿಡೀ ವಿಕಿಪೀಡಿಯದ ಲೇಖನಗಳನ್ನು ಜನ ತೆರೆದು ನೋಡಿದ ಸಂಖ್ಯೆಗಿಂತ ಹೆಚ್ಚು ಎಂದು ಗೂಗಲ್ ಹೇಳಿತು. ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಕ್ಲೌಡ್‌ಫ್ಲೇರ್ ಕೊಟ್ಟ ಇನ್ನೊಂದು ಅಂಕಿ: ಅವರ ಮೇಲೆ ದಾಳಿ ಮಾಡಿದ ಬಾಟ್‌ನೆಟ್‌ನಲ್ಲಿ (ದಾಳಿಕೋರರು ಗುಟ್ಟಾಗಿ ವಶಪಡಿಸಿಕೊಂಡ ಯಂತ್ರಗಳ ಪಡೆಯಲ್ಲಿ) ಇದ್ದದ್ದು ಸುಮಾರು 20,000 ಯಂತ್ರಗಳು ಮಾತ್ರ. ಭಾಗಿಸಿ ನೋಡಿದರೆ ಯಂತ್ರವೊಂದಕ್ಕೆ ಸೆಕೆಂಡಿಗೆ ಹತ್ತು ಸಾವಿರ ಕೋರಿಕೆಗಳಾದವು. ಲಕ್ಷಗಟ್ಟಲೆ ಯಂತ್ರಗಳ ಬಾಟ್‌ನೆಟ್‌ಗಳು ಇರುವ ಕಾಲದಲ್ಲಿ ಇದು ಸಣ್ಣ ಪಡೆಯೇ.

ಪ್ರಶ್ನೆ: ಇದು ಯಾವ ಕಂಪನಿಯ ಪ್ರೋಗ್ರಾಮರುಗಳ ತಪ್ಪು? ಎಂಜಿನ್‌ಎಕ್ಸ್, ಅಪಾಚೆ, ಟಾಮ್‌ಕ್ಯಾಟ್, ನೋಡ್, ಗೋ, ಮೈಕ್ರೋಸಾಫ್ಟ್ ಹೀಗೆ ಎಲ್ಲ ಸರ್ವರ್ ತಂತ್ರಾಂಶಗಳಿಗೂ ಒಂದೇ ವಾರದಲ್ಲಿ ಪ್ಯಾಚ್ (ತಿದ್ದುಪಡಿ) ಬಂದದ್ದನ್ನು ನೋಡಿದರೆ, ಎಲ್ಲರೂ ಒಬ್ಬರನ್ನೊಬ್ಬರು ನಕಲು ಮಾಡಿದರೇ ಎಂಬ ಅನುಮಾನ ಬರುತ್ತದೆ.
— ಎಂಜಿನಿಯರಿಂಗ್ ಉಪನ್ಯಾಸಕರು, ದಾವಣಗೆರೆ

ಉತ್ತರ: ನಕಲು ಮಾಡಿದ್ದಲ್ಲ, ಎಲ್ಲರೂ ಒಂದೇ ಮಾನದಂಡವನ್ನು ಓದಿ, ಅದರಲ್ಲಿ ಬರೆದಂತೆಯೇ ಮಾಡಿದರು. ಏಕಕಾಲಕ್ಕೆ ತೆರೆದಿರುವ ಸ್ಟ್ರೀಮುಗಳನ್ನು ಎಣಿಸಿ ಎಂದು ಮಾನದಂಡ ಹೇಳಿತು, ಅವರು ಎಣಿಸಿದರು. ಮುಚ್ಚಿದ ಸ್ಟ್ರೀಮಿನ ಹಿಂದೆ ಇನ್ನೂ ನಡೆಯುತ್ತಿರುವ ಕೆಲಸವನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬುದನ್ನು ಮಾನದಂಡ ಕಟ್ಟುನಿಟ್ಟಾಗಿ ಹೇಳಲಿಲ್ಲ, ಬಹುತೇಕರು ಅದನ್ನು ಯಾರ ಲೆಕ್ಕಕ್ಕೂ ಬರೆಯಲಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ದಯವಿಟ್ಟು ಇದನ್ನು ಒತ್ತಿ ಹೇಳಿ: ಇಲ್ಲಿ ಬಫರ್ ತುಂಬಿ ಹರಿದದ್ದಿಲ್ಲ, ಪಾಯಿಂಟರ್ ತಪ್ಪಿದ್ದಿಲ್ಲ, ಪ್ರತಿ ಪ್ರೋಗ್ರಾಮೂ ತನ್ನ ಪಾಲಿಗೆ ಸರಿಯಾಗಿಯೇ ಇತ್ತು. ಯಾವುದನ್ನು ಎಣಿಸಬೇಕಿತ್ತೋ ಅದನ್ನು ಬಿಟ್ಟು ಪಕ್ಕದ್ದನ್ನು ಎಣಿಸಿದ್ದೇ ದೋಷವಾಯಿತು.

ಹಾಗೆಂದು ಇದು ಯಾರಿಗೂ ಹೊಳೆಯಲಾಗದ ಸಂಗತಿಯಾಗಿತ್ತು ಎಂದು ನಾನು ಒಪ್ಪುವುದಿಲ್ಲ. ಎಚ್‌ಎ‌ಪ್ರಾಕ್ಸಿ ಎಂಬ ಮುಕ್ತ ತಂತ್ರಾಂಶದವರು 2018ರಲ್ಲೇ, ಸ್ಟ್ರೀಮ್ ರದ್ದಾದರೂ ಅದರ ಹಿಂದಿನ ಕೆಲಸ ಪೂರ್ತಿ ಬಿಡುಗಡೆಯಾಗುವ ತನಕ ಅದನ್ನು ಮಿತಿಯ ಲೆಕ್ಕದಲ್ಲಿಯೇ ಇಟ್ಟುಕೊಳ್ಳುವ ಹಾಗೆ ತಮ್ಮ ಪ್ರೋಗ್ರಾಮನ್ನು ಮಾಡಿಕೊಂಡಿದ್ದರು. ಆದ್ದರಿಂದ 2023ರಲ್ಲಿ ಅವರಿಗೆ ಈ ದಾಳಿ ತಟ್ಟಲಿಲ್ಲ. 2019ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ನ ಜೊನಾಥನ್ ಲೂನಿ ಎಚ್‌ಟಿಟಿಪಿ/2ಕ್ಕೆ ಸಂಬಂಧಿಸಿದ ಸೇವಾ ನಿರಾಕರಣೆಯ, ಅಂದರೆ ತಾಣ ಬಳಕೆದಾರರಿಗೆ ಸಿಗದಂತೆ ಮಾಡುವ, ದೋಷಗಳ ದೊಡ್ಡ ಗುಚ್ಛವನ್ನೇ ಬಯಲಿಗಿಟ್ಟಿದ್ದರು. ಪಿಂಗ್‌ಗಳ ಪ್ರವಾಹ, ಸೆಟ್ಟಿಂಗ್ಸ್‌ಗಳ ಪ್ರವಾಹ, ರೀಸೆಟ್‌ಗಳ ಪ್ರವಾಹ ಎಂದು ಅವುಗಳಿಗೆ ಹೆಸರು. ಅಗ್ಗದ ಸಂದೇಶದಿಂದ ದುಬಾರಿ ಕೆಲಸ ಮಾಡಿಸುವ ದಾರಿಗಳು ಈ ಪ್ರೋಟೊಕಾಲಿನಲ್ಲಿ ಅನೇಕ ಇವೆ ಎಂಬ ಎಚ್ಚರಿಕೆ ಆಗಲೇ ಸಿಕ್ಕಿತ್ತು. ಬಂದ ದೋಷಗಳನ್ನು ಒಂದೊಂದಾಗಿ ಮುಚ್ಚಿದರೇ ಹೊರತು, ಅವೆಲ್ಲಕ್ಕೂ ಸಾಮಾನ್ಯವಾದ ಕಾರಣವನ್ನು ಹೆಚ್ಚಿನವರು ಕೈಗೆತ್ತಿಕೊಳ್ಳಲಿಲ್ಲ.

ಅಪಾಚೆಯ ಇತಿಹಾಸದಲ್ಲಿ ಇದಕ್ಕಿಂತ ಹಳೆಯ ನಿದರ್ಶನವೂ ಇದೆ. ಕಡತದ ಇಂತಿಷ್ಟು ತುಂಡು ಮಾತ್ರ ಕಳಿಸಿ ಎಂದು ಕೇಳಲು ‘ರೇಂಜ್’ ಎಂಬ ಹೆಡರ್ ಇದೆ. ಅರ್ಧಕ್ಕೆ ನಿಂತ ಡೌನ್‌ಲೋಡ್ ಮುಂದುವರಿಸಲು ಅದು ಬೇಕೇ ಬೇಕು. 2011ರ ಆಗಸ್ಟ್‌ನಲ್ಲಿ, ಒಂದರ ಮೇಲೊಂದು ಏರುವ ನೂರಾರು ತುಂಡುಗಳನ್ನು ಒಂದೇ ಕೋರಿಕೆಯಲ್ಲಿ ಕೇಳಿ ಸರ್ವರಿನ ನೆನಪನ್ನು ಬರಿದು ಮಾಡುವ ಸಾಧನವೊಂದು ಸಾರ್ವಜನಿಕವಾಯಿತು, ‘ಅಪಾಚೆ ಕಿಲ್ಲರ್’ ಎಂದು ಅದು ಹೆಸರಾಯಿತು. ಒಂದು ಸಾಧಾರಣ ಕಂಪ್ಯೂಟರ್ ಸಾಕಿತ್ತು. ಇಂಥ ಸಾಧ್ಯತೆಯ ಬಗ್ಗೆ 2007ರಲ್ಲೇ ಭದ್ರತಾ ಸಂಶೋಧಕ ಮೈಕೆಲ್ ಜಲೆವ್‌ಸ್ಕಿ ಬರೆದಿದ್ದರು. ಅಪಾಚೆ 2.2.20ರಲ್ಲಿ ತಿದ್ದುಪಡಿ ಬಂದದ್ದು ಸಾಧನ ಹೊರಬಿದ್ದ ಮೇಲೆ.

ಒಂದು ವಿಷಯದಲ್ಲಿ ಮಾತ್ರ 2023ರ ಪ್ರಸಂಗವನ್ನು ನಿಜವಾಗಿ ಮೆಚ್ಚಬೇಕು. ದಾಳಿ ಆಗಲೇ ನಡೆಯುತ್ತಿದ್ದರೂ, ಪರಸ್ಪರ ಸ್ಪರ್ಧಿಗಳಾದ ಗೂಗಲ್, ಕ್ಲೌಡ್‌ಫ್ಲೇರ್, ಅಮೆಜಾನ್ ಸುಮಾರು ಆರು ವಾರ ವಿವರಗಳನ್ನು ಗುಟ್ಟಾಗಿಟ್ಟುಕೊಂಡು, ತಂತ್ರಾಂಶ ತಯಾರಕರಿಗೆ ತಿಳಿಸಿ, ಅಕ್ಟೋಬರ್ 10ರಂದು ಒಟ್ಟಿಗೆ ಪ್ರಕಟಿಸಿದವು. ಪ್ಯಾಚುಗಳೆಲ್ಲ ಒಂದೇ ವಾರದಲ್ಲಿ ಬಂದಂತೆ ನಿಮಗೆ ಕಂಡದ್ದಕ್ಕೆ ಕಾರಣ ಇದು.

ಪ್ರಶ್ನೆ: ನಾವು ಬಾಡಿಗೆಗೆ ಪಡೆದ ಒಂದು ಉಬುಂಟು ಸರ್ವರಿನಲ್ಲಿ ಎಂಜಿನ್‌ಎಕ್ಸ್ ಇದೆ, ಅದರ ಹಿಂದೆ ಜಾವಾದಲ್ಲಿ ಬರೆದ ಅಪ್ಲಿಕೇಶನ್ ಇದೆ. ಅಪ್‌ಡೇಟ್ ಹಾಕಿದ ಮೇಲೂ ಸ್ಕ್ಯಾನರ್ ಹಳೆಯ ದೋಷವನ್ನೇ ತೋರಿಸುತ್ತಿದೆ. ಏನು ಬಿಟ್ಟುಹೋಗಿದೆ?
— ಓದುಗರು, ಹುಬ್ಬಳ್ಳಿ

ಉತ್ತರ: ಏನೂ ಬಿಟ್ಟುಹೋಗದೆಯೂ ಇರಬಹುದು. ಅನೇಕ ಸ್ಕ್ಯಾನರುಗಳು ಸರ್ವರ್ ಹೇಳುವ ಆವೃತ್ತಿಯ ಸಂಖ್ಯೆಯನ್ನು ಮಾತ್ರ ನೋಡಿ ತೀರ್ಪು ಕೊಡುತ್ತವೆ. ಉಬುಂಟು, ಡೆಬಿಯನ್, ರೆಡ್ ಹ್ಯಾಟ್‌ನಂಥ ವಿತರಣೆಗಳು ಹಳೆಯ ಆವೃತ್ತಿಯನ್ನೇ ಉಳಿಸಿಕೊಂಡು ಭದ್ರತೆಯ ತಿದ್ದುಪಡಿಯನ್ನು ಮಾತ್ರ ಅದಕ್ಕೆ ಸೇರಿಸುತ್ತವೆ. ಆಗ ಮುಖ್ಯ ಸಂಖ್ಯೆ ಬದಲಾಗುವುದಿಲ್ಲ, ಬಾಲದಲ್ಲಿರುವ ಪ್ಯಾಕೇಜ್ ಸಂಖ್ಯೆಯಷ್ಟೇ ಬದಲಾಗುತ್ತದೆ. ಆದ್ದರಿಂದ ಮೊದಲು ಆ ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆರೆದು, ಅದರಲ್ಲಿ 44487 ಎಂಬ ಸಂಖ್ಯೆ ಇದೆಯೇ ನೋಡಿ. ಇದ್ದರೆ ಆ ಪುಟವನ್ನೇ ಆಡಿಟರಿಗೆ ತೋರಿಸಬಹುದು, ವರದಿಯಿಂದ ಆ ಸಾಲನ್ನು ತೆಗೆಯಲು ಅದು ತಕ್ಕ ಆಧಾರ. ಇಲ್ಲದಿದ್ದರೆ ವಿತರಣೆಯವರ ಭದ್ರತಾ ಪುಟದಲ್ಲಿ ಅದೇ ಸಂಖ್ಯೆಯನ್ನು ಹುಡುಕಿ, ನಿಮ್ಮ ಆವೃತ್ತಿಗೆ ಅವರು ಏನು ನಿರ್ಧರಿಸಿದ್ದಾರೆ ಎಂದು ಓದಿ.

ಎಂಜಿನ್‌ಎಕ್ಸ್ ವಿಷಯದಲ್ಲಿ ಹೆಚ್ಚು ಮುಖ್ಯವಾದದ್ದು ನಿಮ್ಮ ಕಾನ್ಫಿಗ್ ಕಡತ. ತಯಾರಕರು ಇಟ್ಟ ಮೂಲ ಮಿತಿಗಳ ಪ್ರಕಾರ ಏಕಕಾಲಕ್ಕೆ 128 ಸ್ಟ್ರೀಮ್, ಒಂದು ಸಂಪರ್ಕಕ್ಕೆ ಒಟ್ಟು 1000 ಕೋರಿಕೆ. ಸಾವಿರ ಮುಗಿದೊಡನೆ ಸಂಪರ್ಕ ಕಡಿಯುತ್ತದೆ, ದಾಳಿಕೋರ ಹೊಸದಾಗಿ ಟಿಸಿಪಿ (ಸಂಪರ್ಕ), ಟಿಎಲ್‌ಎಸ್ (ಗೂಢಲಿಪಿಯ ರಕ್ಷಣೆ) ಎಲ್ಲವನ್ನೂ ಕಟ್ಟಿಕೊಂಡು ಬರಬೇಕು. ಈ ಎರಡನೆಯ ಮಿತಿ ರದ್ದಾದವನ್ನೂ ಸೇರಿಸಿ ಎಣಿಸುವುದರಿಂದಲೇ ದಾಳಿಯ ಬಿರುಸು ತಗ್ಗುತ್ತದೆ. ಆದರೆ ವೇಗ ಹೆಚ್ಚಿಸುವ ಉತ್ಸಾಹದಲ್ಲಿ ‘ಕೀಪ್‌ಅಲೈವ್ ರಿಕ್ವೆಸ್ಟ್ಸ್’ ಮಿತಿಯನ್ನು ಲಕ್ಷಕ್ಕೋ ಹತ್ತು ಲಕ್ಷಕ್ಕೋ ಏರಿಸಿದ ಕಾನ್ಫಿಗ್‌ಗಳು ಕೈಯಿಂದ ಕೈಗೆ ಓಡಾಡುತ್ತಿರುತ್ತವೆ. ನಿಮ್ಮದರಲ್ಲಿ ಅಂಥ ಸಾಲಿದ್ದರೆ ಅಳಿಸಿಬಿಡಿ, ಮೂಲ ಮಿತಿಯೇ ಸಾಕು. ಅದರ ಜೊತೆಗೆ, ಒಂದು ಐಪಿ ವಿಳಾಸದಿಂದ ಎಷ್ಟು ಸಂಪರ್ಕ, ಸೆಕೆಂಡಿಗೆ ಎಷ್ಟು ಕೋರಿಕೆ ಎಂಬ ಮಿತಿಗಳನ್ನೂ ಹಾಕಿ. ಮೊಬೈಲ್ ಕಂಪನಿಗಳ ಸಾವಿರಾರು ಗ್ರಾಹಕರು ಒಂದೇ ಐಪಿಯ ಹಿಂದೆ ಇರುವುದುಂಟಾದ್ದರಿಂದ, ಈ ಮಿತಿ ತೀರಾ ಬಿಗಿಯಾದರೆ ನಿಮ್ಮ ಗ್ರಾಹಕರೇ ಹೊರಗುಳಿಯುತ್ತಾರೆ. ಲಾಗ್ (ಸರ್ವರ್ ಬರೆದಿಡುವ ದಾಖಲೆ) ನೋಡಿ, ದಟ್ಟಣೆಯ ದಿನದ ನಿಜವಾದ ಬಳಕೆಗಿಂತ ಸಾಕಷ್ಟು ಮೇಲೆ ಇಡಿ.

ಇನ್ನು ಜಾವಾ ಅಪ್ಲಿಕೇಶನ್. ಸ್ಪ್ರಿಂಗ್ ಬೂಟ್‌ನಂಥ ಚೌಕಟ್ಟಿನಲ್ಲಿ ಬರೆದಿದ್ದರೆ ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರ್, ಅಪ್ಲಿಕೇಶನ್ನಿನ ಜಾರ್ ಕಡತದ (ಎಲ್ಲವನ್ನೂ ಕಟ್ಟಿಟ್ಟ ಒಂದೇ ಕಡತದ) ಹೊಟ್ಟೆಯೊಳಗೇ ಇರುತ್ತದೆ, ಉಬುಂಟುವಿನ ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ಟಾಮ್‌ಕ್ಯಾಟ್‌ನಲ್ಲಿ ಈ ದೋಷಕ್ಕೆ ತಿದ್ದುಪಡಿ ಬಂದದ್ದು 8.5.94, 9.0.81 ಮತ್ತು 10.1.14ರಲ್ಲಿ. ಒಳಗಿರುವುದು ಅದಕ್ಕಿಂತ ಹಳೆಯದಾದರೆ ಅಪ್ಲಿಕೇಶನ್ ಬರೆದುಕೊಟ್ಟವರಿಂದ ಹೊಸದಾಗಿ ಬಿಲ್ಡ್ ಮಾಡಿಸಬೇಕು. ಸ್ಪ್ರಿಂಗ್ ಬೂಟ್‌ನಲ್ಲಿ ಎಚ್‌ಟಿಟಿಪಿ/2 ತಾನಾಗಿ ಚಾಲೂ ಇರುವುದಿಲ್ಲ, ಯಾರಾದರೂ ಚಾಲೂ ಮಾಡಿದ್ದಾರೆಯೇ ಎಂದು ನೋಡಿದರೆ ನಿಮ್ಮ ಅವಸರ ಎಷ್ಟೆಂಬುದು ತಿಳಿಯುತ್ತದೆ. ಡಾಕರ್ ಇಮೇಜಿನೊಳಗಿನ (ಬೇಕಾದ ಭಾಗಗಳೊಂದಿಗೆ ಕಟ್ಟಿಟ್ಟ ಪೊಟ್ಟಣದೊಳಗಿನ) ತಂತ್ರಾಂಶಕ್ಕೂ ಇದೇ ಮಾತು ಸಲ್ಲುತ್ತದೆ: ಹೊರಗಿನ ಯಂತ್ರಕ್ಕೆ ಹಾಕಿದ ಪ್ಯಾಚ್ ಒಳಗಿನ ಇಮೇಜಿಗೆ ತಲುಪದು.

ಕೊನೆಯದಾಗಿ ಒಂದು ಸಣ್ಣ ಸಂಗತಿ, ಆದರೆ ಕೆಲಸ ಕೆಡಿಸುವುದು ಹೆಚ್ಚಾಗಿ ಇದೇ. ಲೈಬ್ರರಿಯ ಹೊಸ ಕಡತ ಡಿಸ್ಕಿನ ಮೇಲೆ ಬಂದು ಕೂತರೂ, ಓಡುತ್ತಿರುವ ಪ್ರೋಗ್ರಾಮಿನ ನೆನಪಿನಲ್ಲಿರುವುದು ಹಳೆಯದೇ. ಅಪಾಚೆಯ ಎಚ್‌ಟಿಟಿಪಿ/2 ಮಾಡ್ಯೂಲ್ ‘ಎನ್‌ಜಿಎಚ್‌ಟಿಟಿಪಿ2’ ಎಂಬ ಲೈಬ್ರರಿಯನ್ನು ಅವಲಂಬಿಸಿದೆ. ಆ ಲೈಬ್ರರಿಯ 1.57.0 ಆವೃತ್ತಿಯಲ್ಲಿ, ಬರುವ ರದ್ದತಿಗಳಿಗೆ ವೇಗದ ಮಿತಿ ಸೇರಿತು. ಆದರೆ ಅಪಾಚೆಯನ್ನು ರೀಸ್ಟಾರ್ಟ್ ಮಾಡುವವರೆಗೂ ಆ ತಿದ್ದುಪಡಿ ಜಾರಿಗೆ ಬರುವುದಿಲ್ಲ. ಅಪಾಚೆ ಬಳಸುವವರು 2.4.58 ಅಥವಾ ಅದರ ನಂತರದ್ದಕ್ಕೆ ಹೋಗಲೇಬೇಕು. ಈ ದೋಷವನ್ನು ಪರೀಕ್ಷಿಸುವಾಗಲೇ ಸಿಕ್ಕಿದ, ರದ್ದಾದ ಸ್ಟ್ರೀಮಿನ ನೆನಪು ಕೂಡಲೇ ಬಿಡುಗಡೆಯಾಗದ ಇನ್ನೊಂದು ದೋಷವನ್ನು ಅದರಲ್ಲಿ ಸರಿಪಡಿಸಿದ್ದಾರೆ.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯ ಏಕೆ? ಎಚ್‌ಟಿಟಿಪಿ/2 ಅನ್ನೇ ಆಫ್ ಮಾಡಿದರಾಗದೇ?
— ಓದುಗರು, ಮಂಡ್ಯ

ಉತ್ತರ: ತಾತ್ಕಾಲಿಕವಾಗಿ ಆಗುತ್ತದೆ. ಬ್ರೌಸರುಗಳು ತಾವಾಗಿ ಎಚ್‌ಟಿಟಿಪಿ/1.1ಕ್ಕೆ ಇಳಿಯುತ್ತವೆ, ತಾಣ ನಡೆಯುತ್ತದೆ, ಸಣ್ಣ ಸಣ್ಣ ಕಡತಗಳು ಹೆಚ್ಚಿರುವ ಪುಟಗಳು ತುಸು ನಿಧಾನವಾಗುತ್ತವೆ. ಪ್ಯಾಚ್ ಹಾಕಲು ಇನ್ನೂ ಕೆಲವು ದಿನ ಬೇಕು ಎನ್ನುವವರಿಗೆ ಇದು ಒಳ್ಳೆಯ ಉಪಾಯವೇ. ಶಾಶ್ವತ ಪರಿಹಾರವೆಂದು ಮಾತ್ರ ತಿಳಿಯಬೇಡಿ, ಏಕೆಂದರೆ ಎಚ್‌ಟಿಟಿಪಿ/1.1ಕ್ಕೂ ಅದರದೇ ಕಾಯಿಲೆಗಳಿವೆ. ಕೋರಿಕೆಯನ್ನು ಅರ್ಧ ಕಳಿಸಿ, ಉಳಿದದ್ದನ್ನು ಹನಿಹನಿಯಾಗಿ ಕಳಿಸುತ್ತ ಸಂಪರ್ಕಗಳನ್ನು ಹಿಡಿದಿಟ್ಟುಕೊಳ್ಳುವ ‘ಸ್ಲೋಲೋರಿಸ್’ 2009ರಿಂದಲೂ ಇದೆ. ಎಚ್‌ಟಿಟಿಪಿ/3ರ ಕೆಳಗಿರುವ ಕ್ವಿಕ್ ಪ್ರೋಟೊಕಾಲಿನಲ್ಲಿ ಲೆಕ್ಕದ ಕ್ರಮವೇ ಬೇರೆ. ಅಲ್ಲಿ ಸರ್ವರ್ ‘ಮೊದಲಿನಿಂದ ಎಣಿಸಿ ಒಟ್ಟು ಇಷ್ಟು ಸ್ಟ್ರೀಮ್ ತೆರೆಯಬಹುದು’ ಎಂದು ಅನುಮತಿ ಕೊಡುತ್ತದೆ, ತಾನಾಗಿ ಆ ಸಂಖ್ಯೆಯನ್ನು ಏರಿಸುವವರೆಗೆ ಹೊಸ ಸ್ಟ್ರೀಮ್ ಇಲ್ಲ. ರದ್ದು ಮಾಡಿದವನಿಗೆ ಹೊಸ ಅವಕಾಶ ತಾನಾಗಿ ಹುಟ್ಟುವುದಿಲ್ಲ. ಮೊದಲೇ ಹೀಗೆ ಬರೆದಿದ್ದರೆ ಎಚ್‌ಟಿಟಿಪಿ/2ಕ್ಕೆ ಈ ಗತಿ ಬರುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಪರೀಕ್ಷೆಯ ಫಲಿತಾಂಶ ಬರುವ ದಿನ ತಾಣಗಳು ತೆರೆಯುವುದೇ ಇಲ್ಲ. ಅದೂ ಇಂಥ ದಾಳಿಯೇ? ನಿಜವಾದ ದಾಳಿ ನಡೆದರೆ ಗುರುತಿಸುವುದು ಹೇಗೆ, ಯಾರಿಗೆ ತಿಳಿಸಬೇಕು?
— ಪ್ರೌಢಶಾಲಾ ಶಿಕ್ಷಕರು, ಚಿಕ್ಕಮಗಳೂರು

ಉತ್ತರ: ಫಲಿತಾಂಶದ ದಿನದ್ದು ಸಾಮಾನ್ಯವಾಗಿ ನಿಜವಾದ ಜನರ ನೂಕುನುಗ್ಗಲು. ಮಕ್ಕಳು, ತಂದೆತಾಯಂದಿರು, ಶಾಲೆಯವರು ಏಕಕಾಲಕ್ಕೆ ಬರುತ್ತಾರೆ, ಬಂದವರು ಉತ್ತರ ಬರುವವರೆಗೆ ಕಾಯುತ್ತಾರೆ. ರಾಪಿಡ್ ರೀಸೆಟ್ ದಾಳಿಯಲ್ಲಿ ಬಂದವರು ಕಾಯುವುದೇ ಇಲ್ಲ. ವ್ಯತ್ಯಾಸವನ್ನು ಲಾಗ್‌ನಲ್ಲಿ ಹುಡುಕಬಹುದು: ಎಂಜಿನ್‌ಎಕ್ಸ್ ಲಾಗ್‌ನಲ್ಲಿ, ಉತ್ತರ ಸಿದ್ಧವಾಗುವ ಮೊದಲೇ ಕೇಳಿದವರು ಬಿಟ್ಟುಹೋದರು ಎಂಬುದಕ್ಕೆ 499 ಎಂಬ ಸಂಕೇತವಿದೆ. ಕೆಲವೇ ಐಪಿಗಳಿಂದ, ಒಂದೇ ವಿಳಾಸಕ್ಕೆ, ಒಂದೇ ಸೆಕೆಂಡಿನಲ್ಲಿ ಸಾವಿರಾರು 499 ಸಾಲುಗಳು ಬಿದ್ದಿದ್ದು, ಅದೇ ವೇಳೆಗೆ ಬೇರೆಯವರಿಗೆ, ಹಿಂದಿನ ಸರ್ವರಿನಿಂದ ಸರಿಯಾದ ಉತ್ತರ ಬರಲಿಲ್ಲ ಎಂಬ 502 ದೋಷ ಕಾಣಿಸುತ್ತಿದ್ದರೆ ಅನುಮಾನ ಬಲವಾಗುತ್ತದೆ. ಫಲಿತಾಂಶಕ್ಕಾಗಿ ಬೇಸತ್ತು ರಿಫ್ರೆಶ್ ಒತ್ತುವವರಿಂದಲೂ 499 ಬೀಳುತ್ತದೆ. ಅವು ಮಾತ್ರ ಸಾವಿರಾರು ಐಪಿಗಳಿಂದ, ಒಂದೊಂದರಿಂದ ನಾಲ್ಕಾರರಂತೆ, ಬೇರೆ ಬೇರೆ ನೋಂದಣಿ ಸಂಖ್ಯೆಗಳಿಗೆ ಬಂದಿರುತ್ತವೆ.

ತಿಳಿಸುವ ಬಗ್ಗೆ: 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಸಂಸ್ಥೆಗಳು ಸೇವಾ ನಿರಾಕರಣೆ ದಾಳಿಯೂ ಸೇರಿದಂತೆ ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನೆಯ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಿಕೊಳ್ಳಬೇಕು. ಡಿಸ್ಕ್ ತುಂಬಿತೆಂದು ದಾಳಿಯ ದಿನದ ಲಾಗ್ ಅಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಬೇರೆ ಕಡೆ ನಕಲಿಸಿಕೊಂಡು ಆಮೇಲೆ ಜಾಗ ಮಾಡಿಕೊಳ್ಳಿ.

ಪ್ರಶ್ನೆ: ನಾನು ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ. ಈ ದಾಳಿಯ ಕೋಡ್ ಸುಲಭವಾಗಿ ಸಿಗುತ್ತದೆ. ನಮ್ಮ ಕಾಲೇಜಿನ ತಾಣದಲ್ಲಿ ದೋಷವಿದೆಯೋ ಇಲ್ಲವೋ ನೋಡಿ, ಇದ್ದರೆ ತಿಳಿಸುವುದಷ್ಟೇ ನನ್ನ ಉದ್ದೇಶ. ಪರೀಕ್ಷಿಸಬಹುದೇ ಸರ್?
— ವಿದ್ಯಾರ್ಥಿ, ಬೆಳಗಾವಿ

ಉತ್ತರ: ಬರಹದಲ್ಲಿ ಅನುಮತಿ ಇಲ್ಲದೆ ಬೇಡ. ನಿಮ್ಮ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಸೇವಾ ನಿರಾಕರಣೆಯ ದೋಷಕ್ಕೂ ಉಳಿದವಕ್ಕೂ ಒಂದು ಅಂತರವಿದೆ: ಇದನ್ನು ಪೂರ್ತಿ ಪರೀಕ್ಷಿಸುವುದೆಂದರೆ ತಾಣವನ್ನು ಬೀಳಿಸಿ ನೋಡುವುದೇ. ಅದೇ ಯಂತ್ರದಲ್ಲಿ ಶುಲ್ಕ ಪಾವತಿಯೋ ಹಾಲ್ ಟಿಕೆಟ್ಟೋ ಇದ್ದರೆ ಪೆಟ್ಟು ಬೀಳುವುದು ನಿಮ್ಮ ಸಹಪಾಠಿಗಳಿಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೆಯ ಸೆಕ್ಷನ್, ಅಧಿಕಾರವುಳ್ಳವರಿಗೆ ಕಂಪ್ಯೂಟರ್ ಸಿಗದಂತೆ ಮಾಡುವುದನ್ನೂ ಹೆಸರಿಸಿ ಸೇರಿಸಿದೆ. ಅದನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದ್ದೆಂದು ಸಾಬೀತಾದರೆ 66ನೆಯ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಉದ್ದೇಶ ಒಳ್ಳೆಯದಿತ್ತೆಂದು ವಾದಿಸುವ ಸಂದರ್ಭವನ್ನು ತಂದುಕೊಳ್ಳುವುದೇ ಬೇಡ.

ಕಲಿಯುವ ಆಸೆಯನ್ನು ಬಿಡಬೇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲೇ ಹೊರಗಿನ ಜಾಲಕ್ಕೆ ಸೇರದ ಎರಡು ವರ್ಚುವಲ್ ಯಂತ್ರಗಳನ್ನು ಮಾಡಿ. ಒಂದರಲ್ಲಿ ಗೋ ಭಾಷೆಯ 1.21.2 ಆವೃತ್ತಿಯಲ್ಲಿ ಬರೆದ ಚಿಕ್ಕ ಸರ್ವರ್, ಇನ್ನೊಂದರಲ್ಲಿ ಕೋರಿಕೆ ಕಳಿಸುವ ಪ್ರೋಗ್ರಾಮ್ ಇರಲಿ. ಆಮೇಲೆ ಅದೇ ಸರ್ವರನ್ನು, 2023ರ ಅಕ್ಟೋಬರ್ 10ರಂದು ಬಂದ 1.21.3ರಲ್ಲಿ ಬಿಲ್ಡ್ ಮಾಡಿ ಹೋಲಿಸಿ. ಗೋ ತಂಡದ ತಿದ್ದುಪಡಿ ಓದಲು ಬಹಳ ಚೆನ್ನಾಗಿದೆ: ರದ್ದತಿಗಳನ್ನು ಎಣಿಸುವ ಬದಲು, ನಿಜವಾಗಿ ಕೆಲಸ ಮಾಡುತ್ತಿರುವ ಹ್ಯಾಂಡ್ಲರುಗಳು (ಕೋರಿಕೆಯನ್ನು ನಿರ್ವಹಿಸುವ ಭಾಗಗಳು) ಸ್ಟ್ರೀಮ್ ಮಿತಿಯನ್ನು ಎಂದೂ ಮೀರದಂತೆ ಕಟ್ಟಿಹಾಕಿದ್ದಾರೆ. ಮಿತಿ ತಲುಪಿದ ಮೇಲೆ ಬಂದ ಕೋರಿಕೆ ಸಾಲಿನಲ್ಲಿ ನಿಲ್ಲುತ್ತದೆ, ಸಾಲು ಅತಿಯಾಗಿ ಬೆಳೆದರೆ ಸಂಪರ್ಕವನ್ನೇ ಮುಚ್ಚುತ್ತದೆ. ಇದನ್ನು ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ಮಾಡಿ, ಫಲಿತಾಂಶವನ್ನು ಕಾಲೇಜಿನ ಸಿಸ್ಟಮ್ ನಿರ್ವಾಹಕರ ಮುಂದಿಟ್ಟರೆ ಅವರೇ ಅನುಮತಿ ಕೊಟ್ಟು, ರಜೆಯ ದಿನ ಜೊತೆಗೆ ಕೂತು ಪರೀಕ್ಷಿಸಲೂಬಹುದು.

ಪ್ರಶ್ನೆ: 2023ರ ಪ್ಯಾಚನ್ನು ಅಂದೇ ಹಾಕಿದ್ದೇವೆ, ತಾಣದ ಮುಂದೆ ಸಿಡಿಎನ್ (ಪುಟಗಳನ್ನು ಹಲವೆಡೆಯಿಂದ ತಲುಪಿಸುವ ಮಧ್ಯವರ್ತಿ ಸರ್ವರುಗಳ ಜಾಲ) ಕೂಡ ಇದೆ. ಇನ್ನು ನಿಶ್ಚಿಂತೆಯಿಂದ ಇರಬಹುದೇ?
— ಓದುಗರು, ಮೈಸೂರು

ಉತ್ತರ: ಆ ಒಂದು ದೋಷದ ಮಟ್ಟಿಗೆ ಇರಬಹುದು. ಅದರ ನಂತರ ಇದೇ ಕುಟುಂಬದ ಇನ್ನೆರಡು ಬಂದಿವೆ. 2024ರ ಏಪ್ರಿಲ್‌ನಲ್ಲಿ ಬಾರ್ಟೆಕ್ ನೊವೊಟಾರ್‌ಸ್ಕಿ ಎಂಬ ಸಂಶೋಧಕ ಬಯಲು ಮಾಡಿದ ‘ಕಂಟಿನ್ಯುಯೇಶನ್’ ಪ್ರವಾಹದಲ್ಲಿ, ಹೆಡರುಗಳು ಮುಗಿದವೆಂದು ಹೇಳದೆಯೇ ಮುಂದುವರಿಕೆಯ ತುಂಡುಗಳನ್ನು ಕಳಿಸುತ್ತಲೇ ಇರುತ್ತಾರೆ. ಕೋರಿಕೆ ಎಂದೂ ಪೂರ್ಣವಾಗದ ಕಾರಣ ಆಕ್ಸೆಸ್ ಲಾಗ್‌ನಲ್ಲಿ ಒಂದು ಸಾಲೂ ಬೀಳುವುದಿಲ್ಲ. ಮೇಲೆ ಹೇಳಿದ 499ರ ಗುರುತು ಇಲ್ಲಿ ಸಿಗದು, ಸಿಪಿಯು ಮತ್ತು ಮೆಮೊರಿಯ ಏರಿಕೆಯನ್ನೇ ಗಮನಿಸಬೇಕು. ಕೆಲವು ತಂತ್ರಾಂಶಗಳನ್ನು ಬೀಳಿಸಲು ಒಂದೇ ಸಂಪರ್ಕ ಸಾಕಾಗಿತ್ತು. 2025ರ ಆಗಸ್ಟ್‌ನಲ್ಲಿ ಟೆಲ್ ಅವಿವ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ‘ಮೇಡ್‌ಯೂರೀಸೆಟ್’, ಅಂದರೆ ಸಿವಿಇ-2025-8671, ಇನ್ನೂ ಜಾಣತನದ್ದು. 2023ರ ಬಳಿಕ ಅನೇಕ ಸರ್ವರುಗಳು ಹೊರಗಿನವರು ಕಳಿಸುವ ರದ್ದತಿಗಳನ್ನು ಎಣಿಸತೊಡಗಿದವಷ್ಟೇ. ಇಲ್ಲಿ ದಾಳಿಕೋರ ರದ್ದತಿ ಕಳಿಸುವುದೇ ಇಲ್ಲ. ಸರಿಯಾದ ಕೋರಿಕೆಯೊಂದನ್ನು ಕಳಿಸಿ, ಅದರ ಬೆನ್ನಿಗೇ ನಿಯಮ ಮೀರಿದ ಚಿಕ್ಕ ಫ್ರೇಮೊಂದನ್ನು (ಪ್ರೋಟೊಕಾಲಿನ ಸಂದೇಶವೊಂದನ್ನು) ಕಳಿಸುತ್ತಾನೆ. ತಪ್ಪು ಕಂಡ ಸರ್ವರ್ ತಾನೇ ಆ ಸ್ಟ್ರೀಮನ್ನು ರದ್ದುಮಾಡುತ್ತದೆ. ಎಣಿಕೆ ಸೊನ್ನೆಯಲ್ಲೇ ಇರುತ್ತದೆ, ಹಿಂದಿನ ಕೆಲಸ ಮಾತ್ರ ಓಡುತ್ತಿರುತ್ತದೆ. ಟಾಮ್‌ಕ್ಯಾಟ್, ನೆಟ್ಟಿ, ಜೆಟ್ಟಿ, ವಾರ್ನಿಶ್ ಮುಂತಾದವು ಇದಕ್ಕೆ ಪ್ರತ್ಯೇಕ ಪ್ಯಾಚ್ ಕೊಟ್ಟಿವೆ. ನಿಮ್ಮಲ್ಲಿ 2025ರ ಆಗಸ್ಟ್‌ಗಿಂತ ಹಿಂದಿನ ಆವೃತ್ತಿ ಇದ್ದರೆ ಈ ವಾರವೇ ಬದಲಿಸಿ.

ಸಿಡಿಎನ್ ನೆರವಿಗೆ ಬರುತ್ತದೆ, ಏಕೆಂದರೆ ಹೊರಗಿನವರ ಎಚ್‌ಟಿಟಿಪಿ/2 ಅಲ್ಲಿಗೇ ಮುಗಿಯುತ್ತದೆ. ಆದರೆ ನಿಮ್ಮ ಮೂಲ ಸರ್ವರಿನ ಐಪಿ ಗೊತ್ತಿದ್ದವರು ಸಿಡಿಎನ್ ದಾಟಿ ನೇರವಾಗಿ ಅಲ್ಲಿಗೇ ಬರಬಹುದು. ಹಳೆಯ ಡಿಎನ್‌ಎಸ್ ದಾಖಲೆಗಳಲ್ಲಿ, ಅದೇ ಯಂತ್ರದಿಂದ ಹೋಗುವ ಇಮೇಲಿನ ಹೆಡರುಗಳಲ್ಲಿ ಆ ಐಪಿ ಸಿಗುವುದು ಅಪರೂಪವೇನಲ್ಲ. ಸಿಡಿಎನ್‌ನವರು ಪ್ರಕಟಿಸುವ ಐಪಿ ಪಟ್ಟಿಯಿಂದ ಬರುವ ಸಂಪರ್ಕಗಳಿಗೆ ಮಾತ್ರ 443ನೆಯ ಪೋರ್ಟ್ ತೆರೆದಿರುವಂತೆ ಫೈರ್‌ವಾಲ್ ನಿಯಮ ಬರೆಯಿರಿ, ಪಟ್ಟಿ ಬದಲಾದಾಗ ನಿಯಮವೂ ಬದಲಾಗುವಂತೆ ವ್ಯವಸ್ಥೆ ಮಾಡಿ. ಅದಾದ ಮೇಲೆ, ಹೊರಗಿನ ಒಂದು ಮೊಬೈಲ್ ಸಂಪರ್ಕದಿಂದ ಮೂಲ ಐಪಿಯನ್ನು ನೇರವಾಗಿ ತೆರೆಯಲು ಪ್ರಯತ್ನಿಸಿ. ಪುಟ ಬಂದರೆ ನಿಯಮ ಇನ್ನೂ ಸರಿಯಾಗಿಲ್ಲ ಎಂದರ್ಥ.